ಹೊಗೆ ಬರುವ ಹೊತ್ತು: ಬದಿಯಡ್ಕದ ಒಂದು ಡೀಸೆಲ್ ಪಿಕಪ್‌ನ ದುರಸ್ತಿ ದಾಖಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಅಡಿಕೆ ತೋಟವೊಂದರಲ್ಲಿ ದುಡಿಯುತ್ತಿದ್ದ ಡೀಸೆಲ್ ಪಿಕಪ್ ನನ್ನ ವರ್ಕ್‌ಶಾಪಿಗೆ ಬರುವ ಮೊದಲೇ ಅದರ ತೀರ್ಪು ಹೊರಬಿದ್ದಿತ್ತು. ಬೇರೆ ಕಡೆ ನೋಡಿದವರು ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು (ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸಬೇಕು), ಪಿಸ್ಟನ್ ಮತ್ತು ರಿಂಗ್ ಬದಲಿಸಬೇಕು ಎಂದು ಹೇಳಿ, ಖರ್ಚಿನ ಅಂದಾಜನ್ನೂ ಕೊಟ್ಟು ಕಳುಹಿಸಿದ್ದರು. ವಾಹನ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 4 ನಿಯಮದ ಕಾಲದ್ದು, ಅಂದರೆ 2020ರ ಏಪ್ರಿಲ್ 1ರಂದು ಸ್ಟೇಜ್ 6 ನಿಯಮ ಜಾರಿಗೆ ಬರುವ ಮೊದಲು ಮಾರಾಟವಾದದ್ದು. ನಾಲ್ಕು ಸಿಲಿಂಡರಿನ ಎರಡೂವರೆ ಲೀಟರ್ ಇಂಜಿನ್, ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಟರ್ಬೋ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ‘ರೈಲ್’ ಎಂಬ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಇಂಧನ ವ್ಯವಸ್ಥೆ. ವರ್ಷದ ಹೆಚ್ಚಿನ ಕಾಲ ಅಡಿಕೆ ಮತ್ತು ಗೊಬ್ಬರ ಸಾಗಿಸುವುದು, ಮಳೆಗಾಲದ ಮೊದಲು ತೋಟಕ್ಕೆ ಮದ್ದು ಬಿಡುವ ಪಂಪು, ಡ್ರಮ್ಮು, ಮೈಲುತುತ್ತು, ಸುಣ್ಣಗಳನ್ನು ಹೊರುವುದು, ಬೇಸಗೆಯಲ್ಲಿ ಕೆಂಪುಕಲ್ಲಿನ ಕೋರೆಗೆ ಬಾಡಿಗೆ ಹೋಗುವುದು ಅದರ ಕೆಲಸ.

ಮಾಲೀಕರು ಹೇಳಿದ ದೂರುಗಳು ಮೂರು. ಬೆಳಗ್ಗೆ ಸ್ಟಾರ್ಟರ್ ಬಹಳ ಹೊತ್ತು ತಿರುಗಿದ ಮೇಲೆ ಇಂಜಿನ್ ಕೆಮ್ಮಿಕೊಂಡು ಹೊತ್ತಿಕೊಳ್ಳುತ್ತದೆ, ಅಂಗಳ ತುಂಬುವಷ್ಟು ಬಿಳಿ ಹೊಗೆ ಬರುತ್ತದೆ. ಭಾರ ಹೇರಿ ಏರು ಹತ್ತುವಾಗ ಕಪ್ಪು ಹೊಗೆ ಉಗುಳುತ್ತದೆ, ಎಳೆಯುವ ಶಕ್ತಿ ಇಲ್ಲ. ಇತ್ತೀಚೆಗೆ ಇಳಿಜಾರು ಮುಗಿದು ಆಕ್ಸಿಲರೇಟರ್ ಒತ್ತುವ ಹೊತ್ತಿಗೆ ನೀಲಿ ಛಾಯೆಯ ಹೊಗೆಯೂ ಕಾಣಿಸುತ್ತಿದೆ. ಮೂರು ಬಣ್ಣದ ಹೊಗೆಯೂ ಒಂದೇ ಇಂಜಿನ್ನಿನಿಂದ ಬಂದರೆ ಇಂಜಿನ್ ಮುಗಿಯಿತೆಂದು ತೀರ್ಮಾನಿಸುವುದು ಸುಲಭ. ಆದರೆ ಹೊಗೆಯ ಬಣ್ಣಕ್ಕಿಂತ ಅದು ಯಾವ ಹೊತ್ತಿನಲ್ಲಿ, ಯಾವ ಬಿಸಿಯಲ್ಲಿ, ಯಾವ ಭಾರದಲ್ಲಿ ಬರುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈ ವಾಹನದ ಪರೀಕ್ಷೆಯನ್ನು ಆ ದಾರಿಯಲ್ಲೇ ನಡೆಸಿದೆ.

ಬಣ್ಣಗಳ ಅರ್ಥ ಬಹುತೇಕ ಎಲ್ಲರಿಗೂ ತಿಳಿದದ್ದೇ. ಕಪ್ಪು ಹೊಗೆಯೆಂದರೆ ಒಳಗೆ ಹೋದ ಡೀಸೆಲ್ಲಿಗೆ ಸಾಕಷ್ಟು ಗಾಳಿ ಸಿಗದೆ ಅದು ಅರೆಬರೆ ಉರಿದು ಮಸಿಯಾದದ್ದು. ನೀಲಿಯೆಂದರೆ ಇಂಜಿನ್ ಆಯಿಲ್ ಉರಿಯುತ್ತಿರುವುದು. ಬಿಳಿಯಲ್ಲಿ ಎರಡು ಬಗೆ: ಹೊತ್ತಿಕೊಳ್ಳದ ಡೀಸೆಲ್ ಹನಿಗಳ ಮಂಜು ಒಂದು, ಇಂಜಿನ್ ತಣಿಸುವ ದ್ರವವಾದ ಕೂಲಂಟ್ ಒಳಗೆ ಸೋರಿ ಆದ ಉಗಿ ಇನ್ನೊಂದು. ಇಷ್ಟರಿಂದ ಯಾವ ಭಾಗವನ್ನು ಬದಲಿಸಬೇಕೆಂದು ಗೊತ್ತಾಗುವುದಿಲ್ಲ. ಬೆಳಗಿನ ತಣ್ಣನೆಯ ಇಂಜಿನ್ನಿನಲ್ಲಿ ಮಾತ್ರ ಬಂದು ಬಿಸಿಯಾದಂತೆ ಕರಗುವ ನೀಲಿ ಹೊಗೆ ವಾಲ್ವಿನ ಸೀಲುಗಳತ್ತ ಕೈ ತೋರಿಸುತ್ತದೆ. ಎಲ್ಲ ವೇಗದಲ್ಲೂ, ಭಾರ ಹೆಚ್ಚಿದಷ್ಟೂ ಹೆಚ್ಚುವ ನೀಲಿ ಹೊಗೆಯಾದರೆ ರಿಂಗುಗಳನ್ನು ಸಂಶಯಿಸಬೇಕು. ಖಾಲಿ ವಾಹನದಲ್ಲಿ ಇಲ್ಲದೆ ಟರ್ಬೋ ಒತ್ತಡ ಏರಿದಾಗ ಮಾತ್ರ ಕಾಣುವ ಕಪ್ಪು ಹೊಗೆಗೆ ಮೊದಲು ಗಾಳಿಯ ದಾರಿಯನ್ನು ನೋಡಬೇಕೇ ಹೊರತು ಇಂಜೆಕ್ಟರನ್ನಲ್ಲ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗುರುತನ್ನು ಚೆನ್ನಾಗಿ ದಾಟಿತ್ತು. ಆಯಿಲ್ ಕುಡಿಯುವ ಇಂಜಿನ್ ಎಂದು ಹೇಳಲಾದ ವಾಹನದಲ್ಲಿ ಆಯಿಲ್ ಕಡಿಮೆಯಾಗಬೇಕಿತ್ತು, ಇಲ್ಲಿ ಅದು ಏರಿತ್ತು. ಇತ್ತೀಚೆಗೆ ಯಾರೂ ಆಯಿಲ್ ಸುರಿದಿಲ್ಲ ಎಂದು ಮಾಲೀಕರಿಂದ ಖಚಿತಪಡಿಸಿಕೊಂಡೆ. ಬೆರಳಿಗೆ ತಾಗಿದ ಆಯಿಲ್ ತೆಳ್ಳಗೆ ಹರಿಯುತ್ತಿತ್ತು, ಡೀಸೆಲ್ ವಾಸನೆ ಸ್ಪಷ್ಟವಾಗಿತ್ತು. ಒಂದು ಹನಿಯನ್ನು ಮಸಿ ಹೀರುವ ಕಾಗದದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಇಟ್ಟಾಗ ನಡುವಿನ ಕಪ್ಪು ಚುಕ್ಕೆಯ ಸುತ್ತ ತಿಳಿಯಾದ ಅಗಲವಾದ ಬಳೆ ಹರಡಿತು. ಆಯಿಲ್ಲಿಗೆ ಡೀಸೆಲ್ ಬೆರೆಯುತ್ತಿದೆ ಎಂಬುದಕ್ಕೆ ಇಷ್ಟು ಸಾಕು. ಇದು ಹೊಗೆಗಿಂತ ಗಂಭೀರವಾದ ವಿಷಯ. ಡೀಸೆಲ್ ಬೆರೆತ ಆಯಿಲ್ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೂ ಟರ್ಬೋದ ಶಾಫ್ಟಿಗೂ ಬೇಕಾದ ಪದರವನ್ನು ಕೊಡಲಾರದು. ಮಟ್ಟ ಇನ್ನೂ ಏರಿದರೆ ಇಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಮೂಲಕ ಆಯಿಲ್ ಗಾಳಿಯ ದಾರಿಗೆ ಸೇರಿ, ಇಂಜಿನ್ ಆ ಆಯಿಲ್ಲನ್ನೇ ಇಂಧನ ಮಾಡಿಕೊಂಡು ಕೀಲಿ ತಿರುಗಿಸಿದರೂ ನಿಲ್ಲದೆ ಓಡುವ ಅಪಾಯವಿದೆ. ಆದ್ದರಿಂದ ಮೊದಲು ಆ ಆಯಿಲ್ಲನ್ನು ತೆಗೆದು, ಪರೀಕ್ಷೆಗೆಂದೇ ಹೊಸ ಆಯಿಲ್ ಸರಿಯಾದ ಮಟ್ಟಕ್ಕೆ ಹಾಕಿ, ಆಮೇಲಷ್ಟೇ ಇಂಜಿನ್ ತಿರುಗಿಸಿದೆ. ಕೆಲಸ ಮುಗಿದ ಮೇಲೆ ಇದನ್ನೂ ಬದಲಿಸಬೇಕಾಗುತ್ತದೆ ಎಂದು ಮಾಲೀಕರಿಗೆ ಮುಂಚೆಯೇ ತಿಳಿಸಿದೆ. ಈ ಖರ್ಚನ್ನು ಉಳಿಸಲು ನೋಡಬಾರದು.

ರಾತ್ರಿಯಿಡೀ ತಣಿದ ಇಂಜಿನ್ನನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾಲೀಕರು ಹೇಳಿದ ಬಿಳಿ ಹೊಗೆ ಹಾಗೆಯೇ ಬಂತು. ಅದು ಕಣ್ಣು ಉರಿಸುತ್ತಿತ್ತು, ಹಸಿ ಡೀಸೆಲ್ ವಾಸನೆ ಇತ್ತು, ಶೆಡ್ಡಿನ ಮಾಡಿನ ಕೆಳಗೆ ಕರಗದೆ ತೂಗಿಕೊಂಡಿತ್ತು. ಕೂಲಂಟಿನ ಉಗಿಯಾದರೆ ಸ್ವಲ್ಪ ಸಿಹಿ ವಾಸನೆಯಿರುತ್ತದೆ, ಗಾಳಿಗೆ ಬೇಗ ಮಾಯವಾಗುತ್ತದೆ. ನಮ್ಮ ಊರಿನ ಮಳೆಗಾಲದ ಆಟಿ ತಿಂಗಳ ತೇವದ ಬೆಳಗಿನಲ್ಲಿ ಆರೋಗ್ಯವಂತ ಇಂಜಿನ್ ಕೂಡ ಸೈಲೆನ್ಸರಿನಿಂದ ತೆಳುವಾದ ಆವಿ ಬಿಡುವುದುಂಟು, ಅದನ್ನು ಕಂಡು ಹೆದರಬೇಕಾಗಿಲ್ಲ. ಸೈಲೆನ್ಸರಿನ ಬಾಯಿಗೆ ಬಿಳಿ ರಟ್ಟೊಂದನ್ನು ಹಿಡಿದಾಗ ಅದರ ಮೇಲೆ ಎಣ್ಣೆಯ ಕಲೆ ಕೂತಿತು, ಬಿಸಿಲಿಗಿಟ್ಟರೂ ಆರಲಿಲ್ಲ. ರೇಡಿಯೇಟರಿನ ಮಟ್ಟ ಇಳಿದಿರಲಿಲ್ಲ, ಕೂಲಂಟಿನಲ್ಲಿ ಎಣ್ಣೆಯ ಪಸೆ ಇರಲಿಲ್ಲ, ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯ ಬಣ್ಣದ ಅಂಟು ಇರಲಿಲ್ಲ, ಇಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿರಲಿಲ್ಲ. ಸಿಲಿಂಡರುಗಳಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆಯೆಂಬ ಸಂಶಯವನ್ನು ಅಲ್ಲಿಗೇ ಬಿಟ್ಟೆ.

ಬೋರ್ ಮಾಡಿಸಬೇಕೆಂಬ ಮಾತಿಗೆ ಆಧಾರವಿದೆಯೇ ಎಂದು ನೋಡುವುದು ಮುಂದಿನ ಕೆಲಸ. ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಸುರಿಯುವ ಮುಚ್ಚಳವನ್ನು ಬಿಚ್ಚಿ ಅದೇ ತೂತಿನ ಮೇಲೆ ಮಗುಚಿ ಇಟ್ಟೆ. ರಿಂಗುಗಳು ಸವೆದಿದ್ದರೆ ಉರಿದ ಅನಿಲ ಕೆಳಗೆ ನುಗ್ಗಿ, ಆ ಮುಚ್ಚಳ ಗಂಜಿ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಕುಣಿಯಬೇಕು. ಇಲ್ಲಿ ಅದು ಮೆಲ್ಲನೆ ನಡುಗಿತು, ಜಾಗ ಬಿಟ್ಟು ಕದಲಲಿಲ್ಲ. ಬ್ರೀದರ್ ಪೈಪಿನಿಂದ ಬರುತ್ತಿದ್ದ ಆವಿಯೂ ಅತಿಯಾಗಿರಲಿಲ್ಲ.

ಏರ್ ಕ್ಲೀನರನ್ನು ಬಿಚ್ಚಿದಾಗ ಒಳಗೆ ಕೆಂಪು ಮಣ್ಣು ಪದರ ಪದರವಾಗಿ ಕೂತಿತ್ತು. ಕೆಂಪುಕಲ್ಲಿನ ಕೋರೆಗಳಿಗೆ ಹೋಗುವ ದಾರಿಯಲ್ಲಿ ಓಡುವ ವಾಹನಗಳ ವಿಷಯದಲ್ಲಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಂತ್ರದಿಂದ ಕಲ್ಲು ಕೊಯ್ಯುವ ಕೋರೆಯ ಧೂಳು ಹಿಟ್ಟಿನಷ್ಟು ನುಣುಪಾಗಿರುತ್ತದೆ, ಬೇಸಗೆಯಲ್ಲಿ ವಾಹನದ ಹಿಂದೆ ಮೋಡದಂತೆ ಏಳುತ್ತದೆ, ಮತ್ತು ಮುಂದಿನ ಲಾರಿಯ ಧೂಳನ್ನು ಹಿಂದಿನ ಪಿಕಪ್ ನೇರವಾಗಿ ಎಳೆದುಕೊಳ್ಳುತ್ತದೆ. ಫಿಲ್ಟರ್ ತುಂಬಿದರೆ ಗಾಳಿ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ, ಫಿಲ್ಟರ್ ಬದಲಿಸಿದರೆ ಅದು ಮುಗಿಯಿತು. ಆದರೆ ಫಿಲ್ಟರಿನ ರಬ್ಬರ್ ಅಂಚು ಸರಿಯಾಗಿ ಕೂರದೆ ಧೂಳು ಬದಿಯಿಂದ ನುಸುಳಿದರೆ, ಅದು ಆಯಿಲ್ ಜೊತೆ ಬೆರೆತು ಉಜ್ಜುವ ಪೇಸ್ಟಾಗಿ ಸಿಲಿಂಡರಿನ ಗೋಡೆಯನ್ನೂ ರಿಂಗನ್ನೂ ತಿನ್ನುತ್ತದೆ. ಆಗ ಬೋರ್ ಮಾಡಿಸದೆ ಬೇರೆ ದಾರಿಯಿಲ್ಲ. ಹಾಗಾಗಿ ನಾನು ನೋಡಿದ್ದು ಫಿಲ್ಟರನ್ನಲ್ಲ, ಫಿಲ್ಟರಿನಿಂದ ಟರ್ಬೋ ಕಡೆಗೆ ಹೋಗುವ ಪೈಪಿನ ಒಳಗೋಡೆಯನ್ನು. ಬಿಳಿ ಬಟ್ಟೆಯನ್ನು ಒಳಗೆ ತೂರಿಸಿ ಒರೆಸಿ ತೆಗೆದೆ. ಬಟ್ಟೆಯಲ್ಲಿ ಬ್ರೀದರಿನಿಂದ ಬಂದ ಎಣ್ಣೆಯ ಪಸೆ ಇತ್ತು, ಕೆಂಪು ಇರಲಿಲ್ಲ. ಟರ್ಬೋದ ಗಾಳಿಚಕ್ರದ ರೆಕ್ಕೆಗಳ ಅಂಚೂ ಸವೆದಿರಲಿಲ್ಲ. ಅಂದರೆ ಫಿಲ್ಟರ್ ತಾನು ಕಟ್ಟಿಕೊಂಡರೂ ತನ್ನ ಕೆಲಸವನ್ನು ಮಾಡಿತ್ತು. ಈ ಇಂಜಿನ್ ಉಳಿಯುತ್ತದೆ ಎಂಬ ಧೈರ್ಯ ನನಗೆ ಬಂದದ್ದು ಆ ಬಟ್ಟೆಯನ್ನು ನೋಡಿದಾಗ.

ಟರ್ಬೋದ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಲುಗಾಡಿಸಿದೆ. ಅಡ್ಡಕ್ಕೆ ತುಸು ಅಲುಗುವುದು ಸಹಜ, ಏಕೆಂದರೆ ಅದು ಎಣ್ಣೆಯ ಪದರದ ಮೇಲೆ ತೇಲುವಂತೆ ಕೂರುವ ಬೇರಿಂಗ್. ಉದ್ದಕ್ಕೆ ಆಟ ಇರಕೂಡದು, ಚಕ್ರದ ರೆಕ್ಕೆ ಗೋಡೆಗೆ ತಾಗಕೂಡದು. ಎರಡೂ ಸರಿಯಿದ್ದವು.

ಇನ್ನು ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಮಾಹಿತಿ ಓದುವ ಸ್ಕ್ಯಾನರ್. ಅದರಲ್ಲಿ ದಾಖಲಾದ ದೋಷದ ಕೋಡುಗಳಿಗಿಂತ ಓಡುತ್ತಿರುವ ಇಂಜಿನ್ನಿನ ಅಂಕಿಗಳನ್ನು ನಾನು ಹೆಚ್ಚು ನಂಬುತ್ತೇನೆ. ಕಾಮನ್ ರೈಲ್ ಇಂಜಿನ್ ಹೊತ್ತಿಕೊಳ್ಳಬೇಕಾದರೆ ಸ್ಟಾರ್ಟರ್ ತಿರುಗುವಾಗಲೇ ರೈಲಿನಲ್ಲಿ ಸಾಮಾನ್ಯವಾಗಿ 200 ಬಾರ್ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡ ಏರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಕಂಪ್ಯೂಟರ್ ಇಂಜೆಕ್ಟರುಗಳನ್ನು ತೆರೆಯಲು ಅಪ್ಪಣೆಯನ್ನೇ ಕೊಡುವುದಿಲ್ಲ. ಇಲ್ಲಿ ಒತ್ತಡ ನೂರರ ಆಸುಪಾಸಿನಲ್ಲಿ ತಡವರಿಸಿ, ನಿಧಾನವಾಗಿ ಏರಿ, ಕೊನೆಗೆ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡ ಮೇಲೆ ಐಡ್ಲಿಂಗಿನಲ್ಲಿ ಪ್ರತಿ ಸಿಲಿಂಡರಿಗೂ ಕಂಪ್ಯೂಟರ್ ಎಷ್ಟು ಇಂಧನವನ್ನು ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬ ತಿದ್ದುಪಡಿಯ ಅಂಕಿಗಳನ್ನು ನೋಡಿದೆ. ಮೂರನೆಯ ಸಿಲಿಂಡರಿನ ಅಂಕಿ ಮಾತ್ರ ಉಳಿದ ಮೂರರಿಂದ ದೂರ ನಿಂತಿತ್ತು. ಸ್ಕ್ಯಾನರಿನ ಮೂಲಕವೇ ಒಂದೊಂದಾಗಿ ಇಂಜೆಕ್ಟರುಗಳನ್ನು ನಿಲ್ಲಿಸಿದಾಗ ಒಂದು, ಎರಡು ಮತ್ತು ನಾಲ್ಕನೆಯದರಲ್ಲಿ ಇಂಜಿನ್ ಸ್ಪಷ್ಟವಾಗಿ ಕುಗ್ಗಿತು. ಮೂರನೆಯದನ್ನು ನಿಲ್ಲಿಸಿದಾಗ ಕುಗ್ಗಿದ್ದು ಸ್ವಲ್ಪ ಮಾತ್ರ, ಬದಲಿಗೆ ಟಕಟಕ ಸದ್ದು ನಿಂತಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ಯಾಂತ್ರಿಕ ಪಂಪಿನ ಇಂಜಿನ್ನುಗಳಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿಯುವ ಪದ್ಧತಿ ನಮ್ಮ ಹಿರಿಯ ಮೆಕ್ಯಾನಿಕ್‌ಗಳ ಕೈಯಲ್ಲಿ ನುರಿತು ಬಂದದ್ದು. ಕಾಮನ್ ರೈಲಿನಲ್ಲಿ ಅದನ್ನು ಎಂದಿಗೂ ಮಾಡಬಾರದು. ಐಡ್ಲಿಂಗಿನಲ್ಲೇ ನೂರಾರು ಬಾರ್, ಭಾರದಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡವಿರುವ ಪೈಪಿನಿಂದ ಚಿಮ್ಮುವ ಡೀಸೆಲ್ ಎಳೆ ಕೈಗವಸನ್ನೂ ಚರ್ಮವನ್ನೂ ತೂತು ಮಾಡಿ ಮಾಂಸದೊಳಗೆ ಸೇರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಅದು ಕೈಯನ್ನೇ ಕತ್ತರಿಸಬೇಕಾಗುವಷ್ಟು ಹಾನಿ ಮಾಡಬಲ್ಲದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಇಂಜಿನ್ ನಿಲ್ಲಿಸಿ, ಒತ್ತಡ ಇಳಿಯಲು ಸಾಕಷ್ಟು ಹೊತ್ತು ಬಿಟ್ಟು, ಆಮೇಲೆ ಮಾತ್ರ ಈ ಪೈಪುಗಳಿಗೆ ಸ್ಪ್ಯಾನರ್ ಹಾಕಬೇಕು. ಸೋರಿಕೆ ಹುಡುಕಲು ಬೆರಳನ್ನಲ್ಲ, ಉದ್ದನೆಯ ರಟ್ಟನ್ನು ಬಳಸಬೇಕು.

ರೈಲಿನ ಒತ್ತಡ ಏರದಿರಲು ಪಂಪ್ ಬಲಹೀನವಾಗಿರಬಹುದು, ಅಥವಾ ಏರಿಸಿದ ಒತ್ತಡ ಎಲ್ಲಿಂದಲೋ ಸೋರಿಹೋಗುತ್ತಿರಬಹುದು. ಇದನ್ನು ಬಿಡಿಸುವುದು ರಿಟರ್ನ್ ಪರೀಕ್ಷೆ. ಇಂಜೆಕ್ಟರುಗಳ ತಲೆಯಿಂದ ಟ್ಯಾಂಕಿಗೆ ಮರಳುವ ಸಣ್ಣ ಪೈಪುಗಳನ್ನು ಬಿಚ್ಚಿ, ಪ್ರತಿಯೊಂದಕ್ಕೂ ಪಾರದರ್ಶಕ ನಳಿಕೆ ಮತ್ತು ಅಳತೆಯ ಬಾಟಲಿಯನ್ನು ಜೋಡಿಸಿ, ಇಂಜಿನ್ನನ್ನು ಐಡ್ಲಿಂಗಿನಲ್ಲಿ ಓಡಿಸಬೇಕು. ಮರಳುವ ಡೀಸೆಲ್ಲಿನ ಒತ್ತಡ ಬಹಳ ಕಡಿಮೆಯಾದ್ದರಿಂದ ಈ ಕಡೆ ಅಪಾಯವಿಲ್ಲ. ಮೂರು ಬಾಟಲಿಗಳಲ್ಲಿ 20 ರಿಂದ 25 ಮಿಲಿಲೀಟರ್ ಸೇರುವ ಹೊತ್ತಿಗೆ ಮೂರನೆಯ ಸಿಲಿಂಡರಿನ ಬಾಟಲಿಯಲ್ಲಿ 70 ಮಿಲಿಲೀಟರ್ ದಾಟಿತ್ತು. ಪಂಪ್ ಎತ್ತಿಕೊಟ್ಟದ್ದನ್ನು ಈ ಇಂಜೆಕ್ಟರ್ ಸಿಲಿಂಡರಿಗೆ ಕೊಡದೆ ಟ್ಯಾಂಕಿಗೆ ಹಿಂತಿರುಗಿಸುತ್ತಿತ್ತು.

ಆದರೆ ಈ ಪರೀಕ್ಷೆ ಅರ್ಧ ಕತೆಯನ್ನು ಮಾತ್ರ ಹೇಳುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ರಿಟರ್ನ್ ಹೆಚ್ಚಾಗುವುದು ಇಂಜೆಕ್ಟರಿನ ಮೇಲ್ಭಾಗದ ನಿಯಂತ್ರಕ ವಾಲ್ವ್ ಸೋರಿದಾಗ. ಆಯಿಲ್ಲಿಗೆ ಡೀಸೆಲ್ ಬೆರೆಯಬೇಕಾದರೆ ಕೆಳತುದಿಯ ನೋಝಲ್ ಸರಿಯಾಗಿ ಮುಚ್ಚದೆ ಸಿಲಿಂಡರಿನೊಳಗೆ ತೊಟ್ಟಿಕ್ಕಬೇಕು, ಅದು ರಿಟರ್ನ್ ಬಾಟಲಿಯಲ್ಲಿ ಕಾಣುವುದಿಲ್ಲ. ಎರಡೂ ಒಂದೇ ಇಂಜೆಕ್ಟರಿನಲ್ಲಿ ಇದ್ದರೆ ಎರಡಕ್ಕೂ ಒಂದೇ ಕಾರಣ ಇರಬೇಕು, ಆ ಕಾರಣವನ್ನು ಹುಡುಕದೆ ಇಂಜೆಕ್ಟರ್ ಮಾತ್ರ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಕಂಪ್ರೆಶನ್, ಅಂದರೆ ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಅಳೆಯಲು, ತಣ್ಣನೆಯ ಇಂಜಿನ್ನನ್ನು ಒಳಗಿನಿಂದ ಕಾಯಿಸುವ ಗ್ಲೋ ಪ್ಲಗ್ಗುಗಳನ್ನು ತೆಗೆದು, ಇಂಜೆಕ್ಟರುಗಳ ವಯರ್ ಕಳಚಿ, ಡೀಸೆಲ್ಲಿಗೆಂದೇ ಮಾಡಿದ ಗೇಜನ್ನು ಹಾಕಿದೆ. ಪೆಟ್ರೋಲ್ ಇಂಜಿನ್ನಿನ ಗೇಜ್ ಈ ಒತ್ತಡಕ್ಕೆ ಆಗುವುದಿಲ್ಲ. ಒಂದು, ಎರಡು, ನಾಲ್ಕರಲ್ಲಿ 26 ರಿಂದ 27 ಬಾರ್ ಬಂತು, ಮೂರರಲ್ಲಿ 23. ಬೋರ್ ಮಾಡಿಸಲು ಹೇಳಿದವರು ಬಹುಶಃ ಈ ಮೂರನೆಯ ಅಂಕಿಯನ್ನು ನೋಡಿಯೇ ಹೇಳಿರಬೇಕು. ನಾನು ಅದನ್ನು ಬೇರೆ ರೀತಿ ಓದಿದೆ: ತೊಟ್ಟಿಕ್ಕುವ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದುಬಿಟ್ಟರೆ, ಸರಿಯಿರುವ ರಿಂಗ್ ಕೂಡ ಗಾಳಿಯನ್ನು ಪೂರ್ತಿಯಾಗಿ ಹಿಡಿಯಲಾರದು. ಪೆಟ್ರೋಲ್ ಇಂಜಿನ್ನಿನಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ಮತ್ತೆ ಅಳೆಯುವ ಕ್ರಮವನ್ನು ಡೀಸೆಲ್ಲಿನಲ್ಲಿ ನಾನು ಅನುಸರಿಸುವುದಿಲ್ಲ. ಪಿಸ್ಟನ್ನಿನ ಮೇಲೆ ಉಳಿಯುವ ಜಾಗ ಅಷ್ಟು ಕಿರಿದಾದ್ದರಿಂದ ಆಯಿಲ್ ಸ್ವಲ್ಪ ಹೆಚ್ಚಾದರೂ ಅಂಕಿ ಸುಳ್ಳಾಗುತ್ತದೆ, ತುಂಬಾ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ಸರಿಪಡಿಸಿ, ಕೆಲವು ದಿನ ಓಡಿಸಿ, ಮತ್ತೆ ಅಳೆಯುವುದು ನಿಧಾನವಾದರೂ ನಂಬಬಹುದಾದ ದಾರಿ.

ಕಪ್ಪು ಹೊಗೆಯ ಕಾರಣ ಬೇರೆಯೇ ಎಂದು ನನಗೆ ಮೊದಲಿನಿಂದಲೂ ಅನಿಸಿತ್ತು, ಏಕೆಂದರೆ ಖಾಲಿ ವಾಹನದಲ್ಲಿ ಅದು ಇರಲಿಲ್ಲ. ಹೊಸ ಫಿಲ್ಟರ್ ಹಾಕಿ ಭಾರ ಹೇರಿ ಓಡಿಸಿದಾಗ ಕಪ್ಪು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಏರಿನಲ್ಲಿ ಟರ್ಬೋ ಒತ್ತಡ ಕಂಪ್ಯೂಟರ್ ಬಯಸಿದ ಮಟ್ಟಕ್ಕಿಂತ ಬಹಳ ಕೆಳಗೆ ನಿಲ್ಲುತ್ತಿತ್ತು, ಕಿವಿಗೊಟ್ಟರೆ ಬಾನೆಟಿನೊಳಗಿನಿಂದ ಸುಯ್ ಎನ್ನುವ ಸದ್ದೂ ಕೇಳುತ್ತಿತ್ತು. ಇಂಟರ್‌ಕೂಲರಿನ ಎರಡೂ ಬದಿಯ ಹೋಸುಗಳನ್ನು ಕಣ್ಣಿನಿಂದ ನೋಡಿದಾಗ ಸರಿಯೆಂದೇ ಕಂಡವು. ಟರ್ಬೋದ ಗಾಳಿಬಾಯಿಯನ್ನು ಮುಚ್ಚಿ, ರೆಗ್ಯುಲೇಟರ್ ಇಟ್ಟು ಒಂದು ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿಸಿ, ಹೋಸುಗಳ ಮೇಲೆಲ್ಲ ಸಾಬೂನು ನೀರು ಬಳಿದೆ. ಟರ್ಬೋದಿಂದ ಇಂಟರ್‌ಕೂಲರಿಗೆ ಬರುವ ಬಿಸಿ ಬದಿಯ ಹೋಸಿನ ಅಡಿಭಾಗದಲ್ಲಿ, ಬ್ರಾಕೆಟಿಗೆ ಉಜ್ಜುತ್ತಿದ್ದ ಜಾಗದಲ್ಲಿ, ಬೆರಳುದ್ದದ ಸೀಳು ನೊರೆಯುಗುಳಿತು. ಒತ್ತಡವಿಲ್ಲದಾಗ ಆ ಸೀಳು ಮುಚ್ಚಿಕೊಳ್ಳುತ್ತದೆ, ಹಾಗಾಗಿ ನಿಂತ ಇಂಜಿನ್ನಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ವಾಹನದಲ್ಲಿ ಗಾಳಿಯನ್ನು ಅಳೆಯುವ ಸೆನ್ಸರ್ ಏರ್ ಕ್ಲೀನರಿನ ಪಕ್ಕದಲ್ಲೇ ಇದೆ. ಅದು ಎಣಿಸಿದ ಗಾಳಿಯ ಒಂದು ಪಾಲು ಸಿಲಿಂಡರಿಗೆ ತಲುಪುವ ಮೊದಲೇ ಸೀಳಿನಿಂದ ಹೊರಹೋಗುತ್ತದೆ, ಆದರೆ ಕಂಪ್ಯೂಟರ್ ಎಣಿಸಿದ ಗಾಳಿಗೆ ತಕ್ಕಷ್ಟು ಡೀಸೆಲ್ ಕೊಡುತ್ತದೆ. ಹೆಚ್ಚಾದ ಡೀಸೆಲ್ ಮಸಿಯಾಗುತ್ತದೆ. ಶಕ್ತಿ ಕುಂದುವುದು, ಕಪ್ಪು ಹೊಗೆ ಬರುವುದು, ಡೀಸೆಲ್ ಖರ್ಚು ಏರುವುದು, ಮೂರಕ್ಕೂ ಆ ಸೀಳೇ ಕಾರಣ. ಹೋಸನ್ನು ಟೇಪು ಸುತ್ತಿ ಉಳಿಸಲು ನೋಡದೆ ಹೊಸದು ಹಾಕಿ, ಬ್ರಾಕೆಟನ್ನು ಸರಿಸಿ, ನಡುವೆ ಜಾಗ ಬಿಟ್ಟು ಕಟ್ಟಿದೆ.

ಉರಿದ ಅನಿಲದ ಒಂದು ಪಾಲನ್ನು ಮರಳಿ ಇಂಜಿನ್ನಿಗೆ ಕಳುಹಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ತುಂಬಿತ್ತು, ಆದರೆ ಅಂಟಿಕೊಂಡಿರಲಿಲ್ಲ. ಬಿಚ್ಚಿ ಸ್ವಚ್ಛಗೊಳಿಸಿ ಮರಳಿ ಕೂರಿಸಿದೆ. ಅದನ್ನು ತಗಡು ಹಾಕಿ ಮುಚ್ಚಿಬಿಡಿ ಎಂದು ಕೇಳುವವರು ಬಹಳ ಜನ ಇದ್ದಾರೆ. ನಾನು ಮಾಡಿಕೊಡುವುದಿಲ್ಲ. ಉಸಿರಿಗೆ ಕೆಟ್ಟದಾದ ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡಲೆಂದೇ ಇರುವ ಭಾಗ ಅದು.

ಇಂಜೆಕ್ಟರನ್ನು ಹೊರತೆಗೆಯುವುದು ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡಿದ ಭಾಗ. ಕಡಲಿನ ಉಪ್ಪು ಗಾಳಿಯೂ ಮಳೆಗಾಲದ ತೇವವೂ ಸೇರಿ ನಮ್ಮ ಕಡೆಯ ವಾಹನಗಳಲ್ಲಿ ಇಂಜೆಕ್ಟರುಗಳು ಹೆಡ್ಡಿನೊಳಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ತುಕ್ಕು ಬಿಡಿಸುವ ಎಣ್ಣೆಯನ್ನು ಸುತ್ತಲೂ ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸಡಿಲಿಸಿ, ಆಮೇಲೆ ಸ್ಲೈಡ್ ಹ್ಯಾಮರಿನಿಂದ ನೇರವಾಗಿ ಎಳೆದೆ. ಸನ್ನೆಕೋಲು ಹಾಕಿ ಬದಿಯಿಂದ ಮೀಟಿದರೆ ಇಂಜೆಕ್ಟರ್ ಬಾಗುತ್ತದೆ, ಹೆಡ್ಡಿನ ತೂತೂ ಕೆಡುತ್ತದೆ. ಎಲ್ಲ ನಾಲ್ಕನ್ನೂ ತೆಗೆದು, ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಮಾಡಿ, ತೆರೆದ ಬಾಯಿಗಳಿಗೆಲ್ಲ ಆ ಕ್ಷಣವೇ ಮುಚ್ಚಳ ಹಾಕಿದೆ. ಇಂಜೆಕ್ಟರಿನ ಒಳಗಿನ ಜೋಡಣೆಯ ಅಂತರ ಕೆಲವೇ ಮೈಕ್ರಾನ್. ಬಟ್ಟೆಯಿಂದ ಉದುರಿದ ಒಂದು ನೂಲಿನ ಎಳೆ ಕೂಡ ಅದನ್ನು ಕೆಡಿಸಬಲ್ಲದು. ಮೂರನೆಯದರ ತಾಮ್ರದ ವಾಷರಿನ ಸುತ್ತ ಡಾಂಬರಿನಂತಹ ಗಟ್ಟಿ ಕರಿ ಕಟ್ಟಿತ್ತು, ಅಂದರೆ ಉರಿದ ಅನಿಲ ಅಲ್ಲಿಂದಲೂ ಸ್ವಲ್ಪ ಮೇಲಕ್ಕೆ ಬರುತ್ತಿತ್ತು. ವಾಷರ್ ಕೂರುವ ಜಾಗವನ್ನು ತಕ್ಕ ರೀಮರಿನಿಂದ ಹದವಾಗಿ ತೇಯ್ದು ಹಸನು ಮಾಡಿದೆ. ಕರಿಯ ಚೂರುಗಳು ಸಿಲಿಂಡರಿಗೆ ಬೀಳದಂತೆ ರೀಮರಿಗೆ ಗ್ರೀಸ್ ಹಚ್ಚಿಕೊಂಡು ಕೆಲಸ ಮಾಡಬೇಕು.

ಇಂಜೆಕ್ಟರುಗಳನ್ನು ಮಂಗಳೂರಿನ ಡೀಸೆಲ್ ಲ್ಯಾಬಿನಲ್ಲಿ ಟೆಸ್ಟ್ ಬೆಂಚಿಗೆ ಹಾಕಿಸಿದೆವು. ಮೂರನೆಯದರ ನೋಝಲ್ ಒತ್ತಡ ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಿತ್ತು, ನಿಯಂತ್ರಕ ವಾಲ್ವಿನ ಕೂರುವ ಮುಖದಲ್ಲಿ ತುಕ್ಕಿನ ಕಜ್ಜಿಯಿತ್ತು. ಉಳಿದ ಮೂರು ಮಿತಿಯೊಳಗಿದ್ದವು. ತುಕ್ಕು ಎಂದ ಮೇಲೆ ಮುಂದೆ ಕೇಳಬೇಕಾದ ಪ್ರಶ್ನೆ ಒಂದೇ: ನೀರು ಎಲ್ಲಿಂದ ಬಂತು?

ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನೀರು ಬಸಿಯುವ ತಿರುಪನ್ನು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದೆ. ಮೊದಲು ಬಂದದ್ದು ಕಂದು ಬಣ್ಣದ ನೀರು, ಆಮೇಲೆ ಡೀಸೆಲ್. ಟ್ಯಾಂಕಿನ ಅಡಿಯಿಂದ ತೆಗೆದದ್ದನ್ನು ರಾತ್ರಿಯಿಡೀ ಅಲುಗಾಡಿಸದೆ ಇಟ್ಟಾಗ ಅಡಿಯಲ್ಲಿ ನೀರು ಬೇರೆಯಾಗಿ, ಎರಡರ ನಡುವೆ ಲೋಳೆಯಂತಹ ಕಪ್ಪು ಪದರ ನಿಂತಿತ್ತು. ನೀರೂ ಡೀಸೆಲ್ಲೂ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ ಅದು. ಮಾಲೀಕರನ್ನು ವಿಚಾರಿಸಿದಾಗ ದಾರಿ ಗೊತ್ತಾಯಿತು. ಕರ್ನಾಟಕದ ಬಂಕುಗಳಲ್ಲಿ ಡೀಸೆಲ್ ಕೇರಳಕ್ಕಿಂತ ಅಗ್ಗವಾದ್ದರಿಂದ ಗಡಿಯ ಈಚೆಯ ನಾವೆಲ್ಲ ತಲಪಾಡಿ, ಅಡ್ಕಸ್ಥಳಗಳ ಆಚೆ ಹೋದಾಗ ಟ್ಯಾಂಕು ತುಂಬಿಸಿಕೊಳ್ಳುವುದು ರೂಢಿ. ಅದರಲ್ಲಿ ಏನೂ ತೊಂದರೆಯಿಲ್ಲ. ಇವರು ತೋಟದ ಪಂಪಿಗೂ ಆಗುತ್ತದೆಂದು ಹೆಚ್ಚುವರಿಯಾಗಿ ತಂದು ಕೊಟ್ಟಿಗೆಯ ಬದಿಯ ಕಬ್ಬಿಣದ ಡ್ರಮ್ಮಿನಲ್ಲಿ ಇಟ್ಟಿದ್ದರು. ಅರ್ಧ ಖಾಲಿಯಾದ ಡ್ರಮ್ಮಿನಲ್ಲಿ ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಗಾಳಿ ಹಿಗ್ಗಿ ಕುಗ್ಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಒಳಗೋಡೆಯಲ್ಲಿ ಹನಿಗಟ್ಟಿದ ನೀರು ಅಡಿಗೆ ಇಳಿಯುತ್ತದೆ. ಮುಚ್ಚಳ ಮೇಲ್ಮುಖವಾಗಿದ್ದರೆ ಅದರ ಸುತ್ತ ನಿಂತ ಮಳೆನೀರೂ ಸೇರುತ್ತದೆ. ಡ್ರಮ್ಮಿನ ಅಡಿಯವರೆಗೆ ನಳಿಕೆ ಇಳಿಸಿ ಬಾಯಿಂದೆಳೆದು ತೆಗೆದಾಗ ಮೊದಲು ಬರುವುದೇ ಆ ನೀರು. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲಬಹುದು, ನೀರು ನಿಲ್ಲುವುದಿಲ್ಲ. ಪಂಪಿನ ಹಳೆಯ ಇಂಜಿನ್ ಇದನ್ನು ಒಂದಷ್ಟು ಕಾಲ ಸಹಿಸುತ್ತದೆ, ಕಾಮನ್ ರೈಲ್ ಸಹಿಸುವುದಿಲ್ಲ, ಏಕೆಂದರೆ ಅದರ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ನಯಗೊಳಿಸುವ ಎಣ್ಣೆ.

ಟ್ಯಾಂಕನ್ನು ಇಳಿಸಿ ತೊಳೆದು ಒಣಗಿಸಿದೆವು. ಟ್ಯಾಂಕಿನ ಗಾಳಿ ಆಡುವ ಸಣ್ಣ ಪೈಪಿನ ತುದಿಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಅರ್ಧ ಮುಚ್ಚಿತ್ತು. ಅದನ್ನೂ ತೆಗೆದೆ, ಪೂರ್ತಿ ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ದೂರದ ಓಟದಲ್ಲಿ ಡೀಸೆಲ್ ಬರುವುದೇ ನಿಲ್ಲುತ್ತಿತ್ತು. ಪೈಪುಗಳನ್ನು ಹೊಸ ಡೀಸೆಲ್ಲಿನಿಂದ ತೊಳೆದು, ಹೊಸ ಫಿಲ್ಟರ್ ಹಾಕಿ, ಕೈಪಂಪಿನಿಂದ ಗಾಳಿ ಹೋಗುವವರೆಗೆ ಒತ್ತಿದೆ. ಸ್ಟಾರ್ಟರ್ ತಿರುಗಿಸಿಯೇ ಗಾಳಿ ಹೊರಹಾಕಲು ಹೋದರೆ ಹೈ ಪ್ರೆಶರ್ ಪಂಪ್ ಅಷ್ಟು ಹೊತ್ತು ಒಣಗಿ ತಿರುಗುತ್ತದೆ, ಅದರಿಂದ ಉದುರುವ ಲೋಹದ ಪುಡಿ ಇಡೀ ವ್ಯವಸ್ಥೆಗೆ ಹರಡುತ್ತದೆ.

ಮೂರನೆಯ ಸಿಲಿಂಡರಿಗೆ ಹೊಸ ಇಂಜೆಕ್ಟರ್, ನಾಲ್ಕಕ್ಕೂ ಹೊಸ ತಾಮ್ರದ ವಾಷರ್ ಮತ್ತು ಕ್ಲಾಂಪ್ ಬೋಲ್ಟ್, ಮೂರನೆಯದಕ್ಕೆ ಹೊಸ ಹೈ ಪ್ರೆಶರ್ ಪೈಪ್ ಹಾಕಿ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದೆ. ಹೊಸ ಇಂಜೆಕ್ಟರಿನ ಮೈಮೇಲೆ ಕೊರೆದಿರುವ ಅಂಕಿ ಮತ್ತು ಅಕ್ಷರಗಳ ಸಂಕೇತವನ್ನು ಸ್ಕ್ಯಾನರಿನ ಮೂಲಕ ಕಂಪ್ಯೂಟರಿಗೆ ಬರೆದೆ. ಕಾರ್ಖಾನೆಯಲ್ಲಿ ಪ್ರತಿ ಇಂಜೆಕ್ಟರಿನ ಹರಿವನ್ನು ಅಳೆದು ಕೊಟ್ಟ ಗುರುತು ಅದು. ಅದನ್ನು ಬರೆಯದಿದ್ದರೆ ಇಂಜಿನ್ ಓಡುತ್ತದೆ, ಆದರೆ ಆ ಸಿಲಿಂಡರಿಗೆ ಸಿಗುವ ಡೀಸೆಲ್ಲಿನ ಲೆಕ್ಕ ಹಳೆಯದರದ್ದೇ ಆಗಿರುತ್ತದೆ. ಮೇಲಿಂದ ಮತ್ತೆ ಹೊಸ ಆಯಿಲ್ ಮತ್ತು ಆಯಿಲ್ ಫಿಲ್ಟರ್.

ಮರುದಿನ ಬೆಳಗ್ಗೆ ಸ್ಟಾರ್ಟರ್ ಮುಟ್ಟಿದ ಕೂಡಲೇ ಇಂಜಿನ್ ಹೊತ್ತಿಕೊಂಡಿತು, ರೈಲಿನ ಒತ್ತಡ ತಡವರಿಸದೆ ಏರಿತು. ಮೊದಲು ತೆಳುವಾದ ಬಿಳಿ, ಇಂಜಿನ್ ಸ್ವಲ್ಪ ಬೆಚ್ಚಗಾಗುತ್ತಲೇ ಅದೂ ಇಲ್ಲ. ಭಾರ ಹೇರಿಕೊಂಡು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲದ ಕಡೆಗೆ ಓಡಿಸಿದಾಗ ಏರಿನಲ್ಲಿ ಗೇರ್ ಇಳಿಸಬೇಕಾಗಿದ್ದ ಜಾಗಗಳಲ್ಲಿ ಅದೇ ಗೇರಿನಲ್ಲಿ ಹತ್ತಿತು, ಹಿಂದೆ ಬರುತ್ತಿದ್ದವರಿಗೂ ಕಪ್ಪು ಕಾಣಲಿಲ್ಲ. ನೀಲಿ ಛಾಯೆಯೂ ಬಹುತೇಕ ಹೋಗಿತ್ತು. ಆಯಿಲ್ ಮಟ್ಟ ಏರಿ ತೆಳುವಾದಾಗ ಬ್ರೀದರಿನಿಂದ ಗಾಳಿಯ ದಾರಿಗೆ ಸೇರುತ್ತಿದ್ದ ಆಯಿಲ್ ಆವಿಯೇ ಆ ನೀಲಿಗೆ ಮುಖ್ಯ ಕಾರಣವಾಗಿತ್ತು ಎಂದು ಇದರಿಂದ ತಿಳಿಯಿತು. ಇಳಿಜಾರಿನ ಕೊನೆಯಲ್ಲಿ ಒಮ್ಮೊಮ್ಮೆ ಕಾಣುವ ಎಳೆಯಷ್ಟು ನೀಲಿ ವಾಲ್ವ್ ಸೀಲಿನದ್ದಿರಬೇಕು. ಇಷ್ಟು ದುಡಿದ ಇಂಜಿನ್ನಿನಲ್ಲಿ ಅಷ್ಟು ಸಹಜ, ಅದಕ್ಕಾಗಿ ಹೆಡ್ ಇಳಿಸುವುದು ನನಗೆ ಸರಿಕಾಣಲಿಲ್ಲ.

ಒಂದು ಸಂಶಯ ಮಾತ್ರ ಬಾಕಿಯಿತ್ತು. ಹೈ ಪ್ರೆಶರ್ ಪಂಪಿನ ಶಾಫ್ಟ್ ಸೀಲ್ ಹೋದರೂ ಡೀಸೆಲ್ ಟೈಮಿಂಗ್ ಗೇರಿನ ಕಡೆಯಿಂದ ಆಯಿಲ್ಲಿಗೆ ಸೇರಬಹುದು, ಅದನ್ನು ಇಂಜೆಕ್ಟರಿನ ಯಾವ ಪರೀಕ್ಷೆಯೂ ತೋರಿಸುವುದಿಲ್ಲ. ಅದಕ್ಕಾಗಿ ಡಿಪ್‌ಸ್ಟಿಕ್ಕಿನ ಮೇಲೆ ಆಯಿಲ್ ನಿಂತ ಜಾಗವನ್ನು ಗುರುತಿಸಿ ಕೊಟ್ಟು, ಪ್ರತಿದಿನ ಬೆಳಗ್ಗೆ ಸಮತಟ್ಟಾದ ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲು ನೋಡಿ ಬರೆದಿಡಲು ಮಾಲೀಕರಿಗೆ ಹೇಳಿದೆ. ಅಡಿಕೆ ಮಾರಾಟದ ಓಡಾಟ ಮುಗಿಸಿ ವಾಹನ ಮತ್ತೆ ಬಂದಾಗ ಆಯಿಲ್ ಅದೇ ಗುರುತಿನಲ್ಲಿತ್ತು, ಡೀಸೆಲ್ ವಾಸನೆ ಇರಲಿಲ್ಲ. ಆ ಸಲ ಕಂಪ್ರೆಶನ್ ಅಳೆದಾಗ ಮೂರ‍ನೆಯ ಸಿಲಿಂಡರಿನಲ್ಲಿ 26 ಬಾರ್ ಬಂತು. ಹೊಗೆ ತಪಾಸಣೆಯಲ್ಲಿ ಸ್ಟೇಜ್ 4 ಡೀಸೆಲ್ ವಾಹನಗಳಿಗೆ ಇರುವ ಮಿತಿ ಮೀಟರಿಗೆ 1.62 (ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬ ಅಳತೆ), ಈ ಪಿಕಪ್‌ನ ಅಂಕಿ ಒಂದಕ್ಕಿಂತ ಕೆಳಗೆ ನಿಂತಿತು. ಡ್ರಮ್ಮನ್ನು ಮಾಲೀಕರು ತೆಗೆದುಹಾಕಿದ್ದಾರೆ. ಫಿಲ್ಟರಿನ ನೀರನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಸಿಯುತ್ತಿದ್ದಾರೆ, ಏರ್ ಫಿಲ್ಟರನ್ನು ಕೋರೆಯ ಬಾಡಿಗೆಯ ದಿನಗಳಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಕಾಯದೆ ಬಿಚ್ಚಿ ನೋಡುತ್ತಿದ್ದಾರೆ. ಉಳಿದ ಮೂರು ಇಂಜೆಕ್ಟರುಗಳೂ ಅದೇ ನೀರನ್ನು ಕುಡಿದವು ಆದ್ದರಿಂದ ಮುಂದಿನ ಮಳೆಗಾಲದ ನಂತರ ರಿಟರ್ನ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವುದೆಂದು ನಿಶ್ಚಯಿಸಿದ್ದೇವೆ.